ತ್ರಿಶೂಲ: ಆಯುಧವೂ ಎಲ್ಲೆಗಲ್ಲೂ



ಚಂದ್ರಚೂಡೇಶ್ವರನ ಬೆಟ್ಟದ ನೆರಳಿನಲ್ಲಿ ಬೆಳೆದಿರುವ ಹೊಸೂರಿನ ಮಕ್ಕಳಿಗೆ ತ್ರಿಶೂಲ ಹೊಸದಲ್ಲ. ಆದರೆ ದೇವರಿಗೇಕೆ ಆಯುಧ ಎಂಬ ಪ್ರಶ್ನೆಯನ್ನು ಅವರು ತರಗತಿಯಲ್ಲಿ ಕೇಳದೆ ಬಿಡುವುದಿಲ್ಲ. ಮೂರು ಮೊನೆಗಳೆಂದರೆ ಸತ್ತ್ವ, ರಜಸ್ಸು, ತಮಸ್ಸು ಎಂದು ಹೇಳಿ ಮುಗಿಸುವುದು ನಮಗೆ ಸುಲಭ. ಇಚ್ಛೆ, ಜ್ಞಾನ, ಕ್ರಿಯೆಗಳೆಂದೂ ಮೂರು ಕಾಲಗಳೆಂದೂ ಹೇಳುವವರುಂಟು. ಮೂರೆಂಬ ಎಣಿಕೆ ಕಂಡಲ್ಲೆಲ್ಲ ತ್ರಿಶೂಲಕ್ಕೆ ಜೋಡಿಸುವ ಈ ಅಭ್ಯಾಸ ನಮಗೆ ಅಷ್ಟಾಗಿ ಹಿಡಿಸದು. ಕಥೆಗಳು ಇದಕ್ಕಿಂತ ಹೆಚ್ಚು ಹೇಳುತ್ತವೆ.

ವಿಷ್ಣುಪುರಾಣದ ಪ್ರಕಾರ, ಸೂರ್ಯನ ತೇಜಸ್ಸನ್ನು ಮಡದಿ ಸಂಜ್ಞೆ ತಾಳಲಾರದೆ ಹೋದಾಗ ವಿಶ್ವಕರ್ಮನು ಆ ತೇಜಸ್ಸನ್ನು ಸಾಣೆಹಿಡಿದು ತಗ್ಗಿಸಿದನು. ಹೀಗೆ ಉದುರಿದ ತೇಜಸ್ಸಿನಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವು. ಒಂದು ಮನೆಯ ಬಾಳು ಹಸನಾಗಲೆಂದು ತೆಗೆದ ಬೆಂಕಿ ಅದು!

ದೇವೀಮಾಹಾತ್ಮ್ಯೆಯಲ್ಲಿ ಶಿವನು ತನ್ನ ಶೂಲದಿಂದ ಇನ್ನೊಂದು ಶೂಲವನ್ನು ಸೆಳೆದು ದೇವಿಗೆ ಕೊಡುತ್ತಾನೆ. ಮಹಿಷನ ಕೊರಳನ್ನು ಪಾದದಿಂದ ಮೆಟ್ಟಿ ದೇವಿ ಶೂಲದಿಂದ ಇರಿಯುತ್ತಾಳೆ. ತಲೆಯನ್ನು ಕಡಿಯುವುದು ಮಾತ್ರ ಖಡ್ಗ. ಇನ್ನು ಅಂಧಕಾಸುರನ ಕಥೆ. ಎಲ್ಲೋರ, ಎಲಿಫೆಂಟಾ ಗುಹೆಗಳ ಶಿಲ್ಪಿಗಳು ಅದನ್ನು ಮತ್ತೆ ಮತ್ತೆ ಕಂಡರಿಸಿದ್ದಾರೆ. ಶೂಲಕ್ಕೆ ಸಿಕ್ಕಿ ಮೇಲೆತ್ತಲ್ಪಟ್ಟ ಅಂಧಕನು ಅಲ್ಲಿಂದಲೇ ಶಿವನನ್ನು ಸ್ತುತಿಸಿ ಗಣಗಳಲ್ಲಿ ಒಬ್ಬನಾಗುತ್ತಾನೆ. ಶೂಲವೆಂಬ ಮಾತಿಗೆ ನೋವು ಎಂಬ ಅರ್ಥವೂ ಇದೆ. ಹೊಟ್ಟೆಶೂಲೆ ಎಂದು ಅಜ್ಜಿಯರು ಹೇಳುವುದು ಇದನ್ನೇ. ಕೊಲ್ಲದೆ ನೋಯಿಸಿ ತಿದ್ದುವ ಆಯುಧವೆಂದು ಅಂಧಕನ ಮಟ್ಟಿಗೆ ಹೇಳಬಹುದು. ಗ್ರೀಕರ ಕಡಲದೇವತೆ ಪೊಸೈಡನ್ನನ ಕೈಯಲ್ಲೂ ಮುಮ್ಮೊನೆಯ ಈಟಿಯಿದೆ. ಅದರ ಸಂಸಾರ ಬೇರೆ, ಮೀನುಗಾರರ ಬಳಿಯದು.

ನಮ್ಮ ಕಡೆ ತ್ರಿಶೂಲ ದೇವರ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ನೆಲದಲ್ಲಿ ನೆಟ್ಟಿರುತ್ತದೆ. ಮಾರಿಯಮ್ಮನ ಗುಡಿಯ ಮುಂದೆ ಅದರ ಮೊನೆಗೆ ಹೆಂಗಸರು ನಿಂಬೆಹಣ್ಣು ಚುಚ್ಚಿ, ಕುಂಕುಮವಿಟ್ಟು, ಮನೆಯ ಕಾಯಿಲೆ ಕಸಾಲೆಯನ್ನು ಅಮ್ಮನಿಗೊಪ್ಪಿಸಿ ಹೋಗುತ್ತಾರೆ. ಅವರಾರೂ ಅದನ್ನು ಆಯುಧವೆಂದು ನೋಡಿ ಅಂಜುವುದಿಲ್ಲ.

ತಮಿಳು ಶಾಸನಗಳ ಕಾಲದಿಂದ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಶಿವಾಲಯಕ್ಕೆ ದತ್ತಿ ಬಿಟ್ಟ ಭೂಮಿಯ ಎಲ್ಲೆಯಲ್ಲಿ ತ್ರಿಶೂಲ ಕೆತ್ತಿದ ಕಲ್ಲನ್ನು, ವಿಷ್ಣುವಿನ ಭೂಮಿಗೆ ಚಕ್ರದ ಕಲ್ಲನ್ನು ನೆಡುತ್ತಿದ್ದರು. ಕನ್ನಡನಾಡಿನಲ್ಲಿ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳಿದ್ದಂತೆ. ಓದು ಬಾರದ ರೈತನೂ ಆ ಗುರುತನ್ನು ಓದಬಲ್ಲವನಾಗಿದ್ದ. ಇದು ಹಲವರ ಉಪಯೋಗಕ್ಕೆ ಬಿಟ್ಟ ನೆಲ, ಒಬ್ಬನು ಉಳುತ್ತ ಉಳುತ್ತ ಒಳಗೆ ಸೇರಿಸಿಕೊಳ್ಳಬಾರದು ಎಂಬುದೇ ಅದರ ಒಕ್ಕಣೆ. 1956ರಲ್ಲಿ ರಾಜ್ಯಗಳ ಗೆರೆಯೆಳೆದಾಗ ಈಚೆಗುಳಿದ ಕನ್ನಡಿಗರಾದ ನಮಗೆ ಎಲ್ಲೆಗಲ್ಲೆಂದರೆ ಬೇರ್ಪಡಿಸುವ ವಸ್ತು ಎಂಬ ಭಾವನೆಯೇ ಬಲವಾಗಿದೆ. ಈ ಕಲ್ಲುಗಳು ಬೇರ್ಪಡಿಸುವುದಕ್ಕಲ್ಲ, ಕಾಯುವುದಕ್ಕೆ ನಿಂತವು.

ಇಂದು ಹೊಸೂರಿನ ಸುತ್ತಲ ಹೊಲಗಳು ದಿನದಿನಕ್ಕೂ ಮನೆ ನಿವೇಶನಗಳಾಗುತ್ತಿವೆ. ಯಂತ್ರದ ಬಾಯಿಗೆ ಸಿಕ್ಕ ಕಲ್ಲಿನ ಮೇಲೆ ಏನಿತ್ತೆಂದು ಯಾರೂ ನೋಡುವುದಿಲ್ಲ. ಆದ್ದರಿಂದ ಪೋಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ನಿಮ್ಮ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಬಟ್ಟೆ ಒಗೆಯುವ ಕಡೆಯಲ್ಲಿ ಮೂರು ಮೊನೆಯ ಗುರುತಿನ ಕಲ್ಲು ಕಂಡರೆ ಅದನ್ನು ಕದಲಿಸದೆ ಶಾಲೆಗೆ ತಿಳಿಸಿರಿ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವೇ ಬರುತ್ತೇವೆ. ಅಳತೆ, ಚಿತ್ರ, ಊರಿನ ಹೆಸರು ಎಲ್ಲವನ್ನೂ ಅವರೇ ಬರೆದುಕೊಳ್ಳಲಿ.