ವಿದ್ಯುತ್ ಬೈಸಿಕಲ್ಲಿಗೆ ಕಡಿವಾಣ

ನಮ್ಮ ಮನೆಯ ಕಾಂಪೌಂಡು ಗೋಡೆಯಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ಅಂಗೈಯಗಲ ಗಾರೆ ಕಿತ್ತುಹೋಗಿದೆ. ದೀಪಾವಳಿಗೆ ಸುಣ್ಣ ಬಳಿಯಲು ಬಂದವನು ಅದನ್ನು ಮೆತ್ತಿ ಸರಿಮಾಡುತ್ತೇನೆಂದ. ನಾನು ಬೇಡವೆಂದೆ. ಮನೆಯವರೆಲ್ಲ ನಕ್ಕರು. ಆ ಗುರುತನ್ನು ನಾನು ಉಳಿಸಿಕೊಂಡುದೇಕೆ ಎಂಬುದನ್ನೇ ಈ ಹೊತ್ತು ಕೇಳುಗರಿಗೆ ಹೇಳಬೇಕೆಂದಿದ್ದೇನೆ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಇರುವವನು. ಕೆಲಸ ಹೆಬ್ಬಾಳಿನ ಕೈಗಾರಿಕಾ ಪ್ರದೇಶದಲ್ಲಿ. ಹೋಗಲು ಸುಮಾರು ೮ ಕಿಲೋಮೀಟರು, ಬರಲು ಅಷ್ಟೇ. ಬಹುಕಾಲ ಬೈಸಿಕಲ್ಲನ್ನೇ ತುಳಿದೆ. ಐವತ್ತು ದಾಟಿದ ಮೇಲೆ ಮಂಡಿಗಳೆರಡೂ ಕೂಡಿ ಮುಷ್ಕರ ಹೂಡಿದುವು. ಸ್ಕೂಟರು ಕೊಳ್ಳಬಹುದಾಗಿತ್ತು, ಆದರೆ ಕೈಯಲ್ಲಿ ಸ್ಪ್ಯಾನರು ಹಿಡಿದು ಬೆಳೆದವನಿಗೆ ಕೊಂಡ ವಸ್ತುವಿಗಿಂತ ಕಟ್ಟಿದ ವಸ್ತುವಿನಲ್ಲಿ ರುಚಿ ಹೆಚ್ಚು. ಆದುದರಿಂದ ಹಳೆಯ ಉಕ್ಕಿನ ಬೈಸಿಕಲ್ಲಿನ ಹಿಂದಿನ ಚಕ್ರಕ್ಕೆ ಒಂದು ವಿದ್ಯುತ್ ಮೋಟಾರನ್ನು ಜೋಡಿಸಲು ಹೊರಟೆ.

ಇದೇನೂ ಹೊಸ ಯೋಚನೆಯಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ೧೮೯೫ರಲ್ಲಿಯೇ ಹಿಂದಿನ ಚಕ್ರದ ಗುಂಬದೊಳಗೆ ಮೋಟಾರನ್ನಿಟ್ಟ ಬೈಸಿಕಲ್ಲಿಗೆ ಹಕ್ಕುಪತ್ರ ಪಡೆದಿದ್ದ. ಅವನ ಬ್ಯಾಟರಿ ೧೦ ವೋಲ್ಟಿನದು. ಮೋಟಾರು ನೂರು ಆಂಪಿಯರಿನವರೆಗೂ ವಿದ್ಯುತ್ತನ್ನು ಸೆಳೆಯಬಲ್ಲುದಾಗಿತ್ತು. ಇಂದು ಬ್ಯಾಟರಿ ಹಗುರವಾಗಿದೆ, ಆಯಸ್ಕಾಂತ ಬಲವಾಗಿದೆ. ಬೇಕಾದ ಸಾಮಾನೆಲ್ಲ ಒಂದು ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಮೂರು ತಿಂಗಳ ಭಾನುವಾರಗಳಲ್ಲಿ ನನ್ನ ವಾಹನ ಸಿದ್ಧವಾಯಿತು. ಬ್ಯಾಟರಿ ೪೮ ವೋಲ್ಟು. ಅದರಿಂದ ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಂಟ್ರೋಲರ್ ಪೆಟ್ಟಿಗೆ ೨೫ ಆಂಪಿಯರಿನದು. ಹ್ಯಾಂಡಲಿನ ಬಲಗಡೆ ಮೋಟಾರು ಸೈಕಲ್ಲಿಗೆ ಇರುವಂತೆ ತಿರುಗಿಸುವ ಹಿಡಿ. ಹಿಡಿಯನ್ನು ಹೊರಳಿಸಿದರೆ ಬೈಸಿಕಲ್ಲು ಹಾರುತ್ತಿತ್ತು. ಆಟೋರಿಕ್ಷಾಗಳನ್ನು ಹಿಂದೆ ಹಾಕಿ ಹೋಗುವಾಗ ನನಗೆ ಮೂವತ್ತು ವರ್ಷ ಕಡಮೆಯಾದಂತೆ ತೋರುತ್ತಿತ್ತು.

ಒಂದು ಸಂಜೆ ಕೆಲಸದಿಂದ ಬಂದು ಗೇಟಿನ ಬಳಿ ಇಳಿದೆ. ಪಕ್ಕದ ಮನೆಯ ಹುಡುಗ, ಹನ್ನೊಂದು ವರ್ಷದವನು, "ನಾನು ಒಳಗೆ ತಳ್ಳಿಕೊಂಡು ಹೋಗುತ್ತೇನೆ, ಮಾವ" ಎಂದು ಹ್ಯಾಂಡಲಿಗೆ ಕೈ ಹಾಕಿದ. ಬೀಗದ ಕೈಯನ್ನು ನಾನು ಇನ್ನೂ ತಿರುಗಿಸಿರಲಿಲ್ಲ. ಗೇಟಿನ ಮೆಟ್ಟಿಲನ್ನು ಹತ್ತಿಸಲು ಅವನು ಹಿಡಿಯನ್ನು ಬಿಗಿಯಾಗಿ ಹಿಡಿದ, ಅದು ಹೊರಳಿತು. ಬೈಸಿಕಲ್ಲು ಮುಂದಕ್ಕೆ ನೆಗೆಯಿತು. ಗಾಬರಿಯಾದ ಮನುಷ್ಯ ಕೈ ಬಿಡುವುದಿಲ್ಲ, ಇನ್ನೂ ಬಿಗಿಹಿಡಿಯುತ್ತಾನೆ. ಹುಡುಗನೂ ಹಾಗೆಯೇ ಮಾಡಿದ. ಬಿಗಿಹಿಡಿದಷ್ಟೂ ಹಿಡಿ ಹೊರಳಿತು, ಹೊರಳಿದಷ್ಟೂ ವಾಹನ ಎಳೆಯಿತು. ಗೋಡೆಯೇ ಅದನ್ನು ನಿಲ್ಲಿಸಿದುದು. ಹುಡುಗನ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯಿಂದ ಮರಳಿದ ಮೇಲೆ ಅವನ ತಾಯಿ ನನ್ನ ಮೇಲೆ ಕೂಗಾಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: "ಕೆಲಸಕ್ಕೆ ಹೋಗಿಬರುವ ಸೈಕಲ್ಲಿಗೆ ಅಷ್ಟು ಶಕ್ತಿ ಏಕೆ ಬೇಕಾಗಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಕಟ್ಟುವ ಮೊದಲು ಹಾಕಬೇಕಾಗಿದ್ದ ಲೆಕ್ಕವನ್ನು ಕೆಡವಿದ ಮೇಲೆ ಹಾಕಿದೆ.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಬರುತ್ತದೆ. ೪೮ನ್ನು ೨೫ರಿಂದ ಗುಣಿಸಿದರೆ ೧೨೦೦. ಒಂದು ಅಶ್ವಶಕ್ತಿ ಎಂದರೆ ೭೪೬ ವ್ಯಾಟು. ಎಂದರೆ ಬ್ಯಾಟರಿಯಿಂದ ನಾನು ಸೆಳೆಯುತ್ತಿದ್ದುದು ಒಂದೂವರೆ ಕುದುರೆಗೂ ಹೆಚ್ಚು. ಸಾಧಾರಣ ಮನುಷ್ಯ ಆಯಾಸವಿಲ್ಲದೆ ಬೈಸಿಕಲ್ ತುಳಿಯುವಾಗ ಎಪ್ಪತ್ತೈದರಿಂದ ನೂರು ವ್ಯಾಟು ಕೊಡುತ್ತಾನೆ. ಹನ್ನೆರಡು ಆಳುಗಳ ಕಾಲಿನ ಬಲವನ್ನು ನಾನು ಒಂದು ಹಿಡಿಯೊಳಗೆ ಅಡಗಿಸಿ ಗೇಟಿನ ಬಳಿ ನಿಲ್ಲಿಸಿದ್ದೆ!

ಹಾಗಾದರೆ ನಿಜವಾಗಿ ಬೇಕಾದುದೆಷ್ಟು? ಸವಾರನೂ ವಾಹನವೂ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಸಮನಾದ ರಸ್ತೆಯಲ್ಲಿ ಗಂಟೆಗೆ ೨೫ ಕಿಲೋಮೀಟರು ಹೋಗಲು ಚಕ್ರಕ್ಕೆ ಸುಮಾರು ೧೭೫ ವ್ಯಾಟು ಸಾಕು. ವೇಗವನ್ನು ೫೦ಕ್ಕೆ ಏರಿಸಿದರೆ ಅದು ಇಮ್ಮಡಿಯಾಗುವುದಿಲ್ಲ. ಸಾವಿರ ವ್ಯಾಟನ್ನು ಮೀರುತ್ತದೆ. ಕಾರಣ ಗಾಳಿ. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ನನ್ನ ಬ್ಯಾಟರಿಯ ಬಹುಪಾಲು ಗಾಳಿಯೊಂದಿಗೆ ಕುಸ್ತಿಯಾಡುವುದರಲ್ಲೇ ಮುಗಿಯುತ್ತಿತ್ತು.

ನಿಲ್ಲಿಸುವ ಲೆಕ್ಕವೂ ಉಂಟು. ವೇಗ ಎರಡರಷ್ಟಾದರೆ ಬ್ರೇಕು ಕರಗಿಸಬೇಕಾದ ಓಟದ ಶಕ್ತಿ ನಾಲ್ಕರಷ್ಟಾಗುತ್ತದೆ. ಎದುರಿಗೆ ಒಂದು ಹಸು ಬಂದಿತೆನ್ನಿ. ನೋಡಿ ಬ್ರೇಕು ಒತ್ತುವುದಕ್ಕೆ ಒಂದು ಸೆಕೆಂಡು ಬೇಕು. ಒಣಗಿದ ರಸ್ತೆಯಲ್ಲಿ ಸಾಧಾರಣವಾಗಿ ಬ್ರೇಕು ಒತ್ತಿದರೆ ೨೫ರ ವೇಗದಲ್ಲಿ ನಿಲ್ಲಲು ಒಟ್ಟು ಸುಮಾರು ಹದಿನೈದು ಮೀಟರು ಬೇಕು. ೫೦ರ ವೇಗದಲ್ಲಿ ನಲವತ್ತೈದು. ನನ್ನ ಬೈಸಿಕಲ್ಲಿನ ಬ್ರೇಕುಗಳಾದರೋ, ಹಾಲು ತರಲು ಹೋಗುವ ವೇಗಕ್ಕೆಂದು ಮಾಡಿದುವು.

ಲೆಕ್ಕ ಮುಗಿದಾಗ ಉತ್ತರ ಸ್ಪಷ್ಟವಾಗಿತ್ತು. ನನಗೆ ಬೇಕಾಗಿದ್ದುದು ನಾನು ಕಟ್ಟಿದುದರ ಐದನೆಯ ಒಂದು ಪಾಲು ಮಾತ್ರ. ಮಿಕ್ಕ ನಾಲ್ಕು ಪಾಲು ನನ್ನ ಹೆಮ್ಮೆಯದು. ಆ ಹೆಮ್ಮೆಯನ್ನು ಇಳಿಸಿದ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಮನೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾದೀತು.

ಮೊದಲನೆಯದು ಆಂಪಿಯರಿಗೆ ಮಿತಿ. ಕೆಲವರು ಕಂಟ್ರೋಲರಿನೊಳಗಿರುವ ಷಂಟ್ ಎಂಬ ತಂತಿಯ ಮೇಲೆ ಬೆಸುಗೆ ಹಾಕುತ್ತಾರೆ. ಆ ತಂತಿಯೇ ಪೆಟ್ಟಿಗೆಯ ತಕ್ಕಡಿ. ಬೆಸುಗೆ ಬಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ, ಹೆಚ್ಚು ವಿದ್ಯುತ್ತು ಹರಿದರೂ ಕಡಮೆಯೆಂದು ತೋರಿಸುತ್ತದೆ. ಶಕ್ತಿ ಏರುವುದೇನೋ ನಿಜ. ತಂತಿ, ಬ್ಯಾಟರಿ, ಮೋಟಾರು ಎಲ್ಲವೂ ಕಾಯುವುದೂ ಅಷ್ಟೇ ನಿಜ. ನಾನು ಅದಕ್ಕೆ ವಿರುದ್ಧವಾದ ದಾರಿ ಹಿಡಿದೆ. ಮಿತಿಯನ್ನು ಬದಲಿಸಲು ಬರುವ ಒಂದು ಕಂಟ್ರೋಲರನ್ನು ತಂದು, ೨೫ ಆಂಪಿಯರನ್ನು ೭ಕ್ಕೆ ಇಳಿಸಿದೆ. ೪೮ನ್ನು ೭ರಿಂದ ಗುಣಿಸಿದರೆ ೩೩೬. ಶಾಖವಾಗಿ ಹೋಗುವುದನ್ನು ಕಳೆದರೆ ಚಕ್ರಕ್ಕೆ ಸುಮಾರು ೨೫೦ ವ್ಯಾಟು ಉಳಿಯುತ್ತದೆ.

ಇಷ್ಟರಿಂದಲೇ ಕುದುರೆ ಸಾಧುವಾಗಲಿಲ್ಲ. ಬ್ಯಾಟರಿಯಿಂದ ಏಳೇ ಆಂಪಿಯರು ಹೊರಟರೂ, ಚಕ್ರ ನಿಂತಿರುವಾಗ ಮೋಟಾರಿನ ಸುರುಳಿಗಳಲ್ಲಿ ಅದಕ್ಕಿಂತ ಹಲವು ಪಟ್ಟು ಹರಿಯುವಂತೆ ಕಂಟ್ರೋಲರು ಮಾಡಬಲ್ಲುದು. ವೋಲ್ಟನ್ನು ತಗ್ಗಿಸಿ ಆಂಪಿಯರನ್ನು ಹೆಚ್ಚಿಸುತ್ತದೆ. ಎಳೆತ ಹುಟ್ಟುವುದು ಈ ಸುರುಳಿಯ ವಿದ್ಯುತ್ತಿನಿಂದ. ಹೊರಡುವ ಕ್ಷಣದ ನೆಗೆತಕ್ಕೆ ಕಾರಣ ಇದೇ. ಆದುದರಿಂದ ಸುರುಳಿಯ ವಿದ್ಯುತ್ತಿಗೂ ಒಂದು ಮಿತಿ ಕಟ್ಟಿದೆ. ಶಕ್ತಿ ಸೊನ್ನೆಯಿಂದ ತುದಿಗೆ ಏರಲು ಎರಡು ಸೆಕೆಂಡು ಹಿಡಿಯುವಂತೆ ಮಾಡಿದೆ. ಎರಡು ಸೆಕೆಂಡು ಎಂದರೆ ಏನು ಮಹಾ ಎನ್ನಬೇಡಿ. ಹೆದರಿದವನು ಕೈ ಬಿಡುವುದಕ್ಕೆ ಅಷ್ಟು ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ತಿರುಗಿಸುವ ಹಿಡಿಯನ್ನೇ ಕಿತ್ತುಹಾಕಿದೆ. ಅದರ ಬದಲು ಪೆಡಲಿನ ಬಳಿ, ತುಳಿತವನ್ನು ಗುರುತಿಸುವ ಒಂದು ಸಾಧನವನ್ನು ಜೋಡಿಸಿದೆ. ಈಗ ಕಾಲು ತುಳಿದರೆ ಮಾತ್ರ ಮೋಟಾರು ಕೈ ಜೋಡಿಸುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಜಪಾನಿನ ಯಮಾಹಾ ಸಂಸ್ಥೆ ೧೯೯೩ರಲ್ಲಿ ಮಾರುಕಟ್ಟೆಗೆ ತಂದ ಬೈಸಿಕಲ್ಲು ಈ ತತ್ತ್ವದ್ದೇ. ಇಂಥ ಸಾಧನಗಳಲ್ಲಿ ಎರಡು ಬಗೆಯುಂಟು. ಒಂದು, ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡುವಂಥದು. ಇನ್ನೊಂದು, ಎಷ್ಟು ಬಲವಾಗಿ ತುಳಿಯುತ್ತೀರಿ ಎಂದು ಅಳೆದು, ಅದಕ್ಕೆ ತಕ್ಕಂತೆ ನೆರವು ನೀಡುವಂಥದು. ಎರಡನೆಯದಕ್ಕೆ ಬೆಲೆ ಹೆಚ್ಚು. ಆದರೆ ಗುಂಪಿನ ನಡುವೆ ಮೆಲ್ಲನೆ ಹೋಗುವವನಿಗೆ ಅದರ ಸೌಮ್ಯತೆ ಬೇರೆ.

ನಾಲ್ಕನೆಯದಾಗಿ, ಬ್ರೇಕಿನ ಹಿಡಿಗಳೆರಡಕ್ಕೂ ಸಣ್ಣ ಸ್ವಿಚ್ಚುಗಳನ್ನು ಹಾಕಿದೆ. ಬ್ರೇಕನ್ನು ಮುಟ್ಟಿದೊಡನೆ ಮೋಟಾರಿಗೆ ವಿದ್ಯುತ್ತು ಕಡಿದುಹೋಗುತ್ತದೆ. ಬ್ರೇಕುಗಳನ್ನೂ ಬದಲಿಸಿದೆ. ಕೊನೆಯದು, ಕಣ್ಣಿಗೆ ಬೀಳದ ಒಂದು ಉಕ್ಕಿನ ಪಟ್ಟಿ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ಹಿಡಿಯುವುದು ಚೌಕಟ್ಟಿನ ಎರಡು ಸೀಳುಗಳು ಮಾತ್ರ. ಅವು ಸವೆದರೆ ಅಚ್ಚು ಗಿರ್ರನೆ ತಿರುಗಿ ತಂತಿಗಳನ್ನು ಹರಿದು, ಚಕ್ರ ಕಳಚಿಕೊಳ್ಳಬಹುದು. ಅಚ್ಚನ್ನು ಕಚ್ಚಿ ಚೌಕಟ್ಟಿಗೆ ಬಿಗಿಯುವ ಪಟ್ಟಿಯನ್ನು ಎಂದೂ ಮರೆಯಬಾರದು.

ಏರು ಬಂದರೆ ಇಷ್ಟು ಶಕ್ತಿ ಸಾಕೆ ಎಂದು ನೀವು ಕೇಳಬಹುದು. ನೂರು ಅಡಿ ಹೋದರೆ ಐದಡಿ ಏರುವ ರಸ್ತೆಯಲ್ಲಿ, ಗಂಟೆಗೆ ೧೨ ಕಿಲೋಮೀಟರು ಹೋಗಲು ಸುಮಾರು ೨೦೦ ವ್ಯಾಟು ಬೇಕು. ಮೋಟಾರಿನೊಡನೆ ಕಾಲೂ ಸೇರಿದರೆ ಧಾರಾಳವಾಗಿ ಆಯಿತು. ಮಂಡಿಗೂ ಇದು ಹಿತ. ತುಳಿತವೇ ಇಲ್ಲದಿದ್ದರೆ ಮಂಡಿ ಇನ್ನಷ್ಟು ಸೋಮಾರಿಯಾಗುತ್ತದೆ.

ಇನ್ನು ಕಾನೂನಿನ ಮಾತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ತುಳಿತಕ್ಕೆ ನೆರವಾಗುವ ವಿದ್ಯುತ್ ಬೈಸಿಕಲ್ಲನ್ನು ಮೋಟಾರು ವಾಹನವೆಂದು ಎಣಿಸದಿರಬೇಕಾದರೆ, ಅದರ ಮೋಟಾರು ಅರ್ಧ ಗಂಟೆ ಕೊಡಬಲ್ಲ ಶಕ್ತಿ ೨೫೦ ವ್ಯಾಟಿಗಿಂತ ಕಡಮೆ ಇರಬೇಕು. ವೇಗ ಗಂಟೆಗೆ ೨೫ ಕಿಲೋಮೀಟರನ್ನು ಮುಟ್ಟುವಷ್ಟರಲ್ಲಿ, ಇಲ್ಲವೆ ತುಳಿತ ನಿಂತೊಡನೆ, ನೆರವೂ ನಿಲ್ಲಬೇಕು. ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ, ಹಿಂದೆ ಕೆಂಪಿನ ಪ್ರತಿಫಲಕಗಳೂ ಇರಬೇಕು. ಇದನ್ನೆಲ್ಲ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ದೃಢಪಡಿಸಿರಬೇಕು ಎಂಬ ಮಾತೂ ನಿಯಮದಲ್ಲಿದೆ. ಆಂಪಿಯರಿಗೆ ಮಿತಿ ಕಟ್ಟಿದ ಮಾತ್ರಕ್ಕೆ ದೊಡ್ಡ ಮೋಟಾರು ಕಾನೂನಿನ ಕಣ್ಣಿಗೆ ಚಿಕ್ಕದಾಗುವುದಿಲ್ಲವೆಂದು ತಿಳಿದ ಮೇಲೆ ನಾನು ಮೋಟಾರನ್ನೂ ಬದಲಿಸಿದೆ. ಹೊಸದಾಗಿ ಕಟ್ಟುವವರು ಮೊದಲೇ ಚಿಕ್ಕ ಮೋಟಾರನ್ನು ಆರಿಸಿಕೊಂಡು, ರಸ್ತೆಗೆ ಇಳಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ನಾನು ವಿಚಾರಿಸದೆ ಇಳಿದವನು. ಪರವಾನಗಿ, ವಿಮೆ ಒಂದೂ ಇಲ್ಲದ ಮೋಟಾರು ವಾಹನವನ್ನೇ ಇಷ್ಟು ದಿನ ಬೈಸಿಕಲ್ಲೆಂದು ಕರೆದುಕೊಂಡು ತಿರುಗುತ್ತಿದ್ದೆ.

ಇಷ್ಟೆಲ್ಲ ಕಳೆದುಕೊಂಡು ನಷ್ಟವಾದುದೇನು? ಮೊದಲು ಹೆಬ್ಬಾಳಿಗೆ ಇಪ್ಪತ್ತಮೂರು ನಿಮಿಷ ಹಿಡಿಯುತ್ತಿತ್ತು, ಈಗ ಇಪ್ಪತ್ತೇಳು. ಅಷ್ಟು ವೇಗವಾಗಿ ಹೋದರೂ ಮುಂದಿನ ವೃತ್ತದಲ್ಲಿ ಕೆಂಪು ದೀಪದ ಕೆಳಗೆ ನಿಲ್ಲುತ್ತಿದ್ದೆನಲ್ಲವೆ? ನಾಲ್ಕು ನಿಮಿಷ ಹೋಯಿತು. ಆದರೆ ಒಮ್ಮೆ ತುಂಬಿಸಿದರೆ ಇಪ್ಪತ್ತು ಕಿಲೋಮೀಟರಿಗೆ ಬರಿದಾಗುತ್ತಿದ್ದ ಅದೇ ಬ್ಯಾಟರಿ ಈಗ ನಲವತ್ತಕ್ಕೆ ಬರುತ್ತದೆ. ಸಂಜೆ ಮನೆಗೆ ಬಂದಾಗ ಬುಜಗಳು ಬಿಗಿದಿರುವುದಿಲ್ಲ.

ಹುಡುಗನ ಕೈ ಕೂಡಿಕೊಂಡಿತು. ಆದರೆ ಬಹಳ ದಿನ ಅವನು ನಮ್ಮ ಗೇಟಿನತ್ತ ಸುಳಿಯಲಿಲ್ಲ. ಮೊನ್ನೆ ಒಂದು ಸಂಜೆ ನಾನು ಬಂದಿಳಿದಾಗ ತಾಯಿಯೊಡನೆ ಅಲ್ಲಿಯೇ ನಿಂತಿದ್ದ. ನಾನು ಬೀಗದ ಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ. "ಈಗ ತಳ್ಳು" ಎಂದೆ. ಅವನು ಹ್ಯಾಂಡಲಿನ ಬಲಗಡೆಯನ್ನು ಮೊದಲು ಒಂದು ಬೆರಳಿನಿಂದ ಮುಟ್ಟಿದ. ಆಮೇಲೆ ಮುಷ್ಟಿಯಿಂದ ಹಿಡಿದು ಬೇಕೆಂದೇ ಹೊರಳಿಸಿ ನೋಡಿದ. ಏನೂ ಆಗಲಿಲ್ಲ. ತಾಯಿಯ ಮುಖವನ್ನೊಮ್ಮೆ ನೋಡಿ, ಗೇಟಿನ ಮೆಟ್ಟಿಲನ್ನು ಹತ್ತಿಸಿ, ಗೋಡೆಯ ಆ ಗುರುತಿನ ಪಕ್ಕಕ್ಕೆ ಬೈಸಿಕಲ್ಲನ್ನು ತಂದು ಒರಗಿಸಿದ.