ಅಂಧೇರಿಯ ಆ ನಾಲ್ಕು ದಿನ: ಕೂಗುವ ಅಭಿಮಾನಿ, ಹೊಡೆಯುವ ಪುಂಡ

ಈ ವಾರದ ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಿನಲ್ಲಿ ಓದುತ್ತಾ ಹೋಗುವವರಿಗೆ ಅಂತ ಅದರ ಬರಹ ರೂಪ ಇಲ್ಲಿದೆ. ಮಾತಿನ ಧಾಟಿ ಹಾಗೇ ಉಳಿಸಿದ್ದೇವೆ.

ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಆಡುವವರಿಗಿಂತ ಹೆಚ್ಚಾಗಿ ನೋಡೋಕೆ ಹೋಗುವ ನಮ್ಮ ನಿಮ್ಮಂಥವರ ಬಗ್ಗೆ.

ದೊಡ್ಡ ಟೂರ್ನಿ ಬಂದಾಗಲೆಲ್ಲ ಆಫೀಸ್ ಕ್ಯಾಂಟೀನಿನಲ್ಲಿ ಎರಡು ಮಾತು ಕೇಳ್ತೀವಿ. ಮೊದಲನೇದು, “ಈಗಲೇ ಏನು ನೋಡೋದು, ಸೆಮಿಫೈನಲ್ ಬರ್ಲಿ ನೋಡೋಣ.” ಎರಡನೇದು, “ಸ್ಟೇಡಿಯಮ್ಮಿಗಾ? ಫುಟ್‌ಬಾಲ್ ಅಂದ್ರೆ ಹೊಡೆದಾಟ ಮಾರಾಯ್ರೆ, ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗೋ ಜಾಗ ಅಲ್ಲ.” ಈ ಎರಡು ಮಾತಿಗೂ ಒಂದೇ ಉತ್ತರ ಇದೆ ಅಂತ ನನ್ನ ವಾದ. ಆ ಉತ್ತರ ಹುಡುಕೋಕೆ ತುಂಬಾ ದೂರ ಹೋಗಬೇಕಿಲ್ಲ. ಘಾಟ್ಕೋಪರ್–ವರ್ಸೋವಾ ಮೆಟ್ರೋದಲ್ಲಿ ಆಜಾದ್ ನಗರ ಸ್ಟೇಷನ್ ದಾಟುವಾಗ ಪಕ್ಕದಲ್ಲೇ ಅಂಧೇರಿ ಸ್ಪೋರ್ಟ್ಸ್ ಕಾಂಪ್ಲೆಕ್ಸ್ ಇದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ.

2018ರ ಜೂನ್ 1, ಶುಕ್ರವಾರ. ಆ ಕಾಂಪ್ಲೆಕ್ಸಿನ ಒಳಗಿರೋ ಮುಂಬಯಿ ಫುಟ್‌ಬಾಲ್ ಅರೀನಾದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಶುರುವಾಯಿತು. ನಾಲ್ಕು ದೇಶ: ಭಾರತ, ಕೀನ್ಯಾ, ನ್ಯೂಜಿಲೆಂಡ್, ಚೈನೀಸ್ ತೈಪೆ. ಮೊದಲ ಮ್ಯಾಚಿನಲ್ಲಿ ಭಾರತ ತೈಪೆಯನ್ನು 5–0 ಗೋಲುಗಳಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಇದನ್ನೆಲ್ಲ ಕೂತು ನೋಡಿದವರು ಎಷ್ಟು ಜನ? 2,569. ಕೋಟಿಗಟ್ಟಲೆ ಜನರಿರುವ ಈ ಊರಲ್ಲಿ ಅಷ್ಟೇ. ವೀಕೆಂಡ್ ಅಂದ್ರೆ ಬೆಳಗಿನ ಜಾವದವರೆಗೂ ಯುರೋಪಿನ ಕ್ಲಬ್‌ಗಳ ಆಟ ನೋಡುವವರು, ಮೆಸ್ಸಿ ಹೆಸರಿನ ಜರ್ಸಿ ಹಾಕ್ಕೊಂಡು ಆಫೀಸಿಗೆ ಬರುವವರು ಪವಯಿಯಿಂದ ಐರೋಲಿವರೆಗೆ ತುಂಬಿಕೊಂಡಿರುವ ಊರು ಇದು.

ಮಾರನೇ ದಿನ ಛೆಟ್ರಿ ಒಂದು ವಿಡಿಯೋ ಹಾಕಿದರು. ಕೈ ಮುಗಿಯುವ ಹಾಗೆ ಕೇಳಿಕೊಂಡರು: ನಮ್ಮ ಆಟ ಯುರೋಪಿನ ಮಟ್ಟಕ್ಕಿಲ್ಲ ಅಂತ ಗೊತ್ತು, ಆದರೂ ಬನ್ನಿ. ಇಂಟರ್ನೆಟ್ಟಿನಲ್ಲಿ ಬೈಯೋ ಬದಲು ಸ್ಟೇಡಿಯಮ್ಮಿಗೆ ಬಂದು ನಮ್ಮ ಮುಖಕ್ಕೇ ಬೈಯಿರಿ, ಕೂಗಿ, ಟೀಕಿಸಿ. ಯಾರಿಗೆ ಗೊತ್ತು, ಒಂದಿನ ನೀವೇ ನಮ್ಮ ಪರ ಕೂಗಬಹುದು. ಮಾತಿನ ಸಾರ ಅಷ್ಟು. ವಿರಾಟ್ ಕೊಹ್ಲಿ ಕೂಡ ಅದಕ್ಕೆ ದನಿಗೂಡಿಸಿದರು.

ಜೂನ್ 4, ಸೋಮವಾರ. ಕೀನ್ಯಾ ವಿರುದ್ಧ ಮ್ಯಾಚ್, ಛೆಟ್ರಿಗೆ ನೂರನೇ ಅಂತಾರಾಷ್ಟ್ರೀಯ ಪಂದ್ಯ. ಮುಂಬಯಿಯ ಮಳೆ ಧಾರಾಕಾರ ಸುರೀತಿತ್ತು. ಟಿಕೆಟ್ ಎಲ್ಲ ಖಾಲಿ, ಸ್ಟ್ಯಾಂಡ್ ಎಲ್ಲ ಭರ್ತಿ. ಭಾರತ 3–0, ಛೆಟ್ರಿ ಎರಡು ಗೋಲು. ಆಮೇಲೆ 7ನೇ ತಾರೀಕು ನ್ಯೂಜಿಲೆಂಡ್ ಎದುರು 1–2ರಲ್ಲಿ ಸೋತರು. 10ನೇ ತಾರೀಕಿನ ಫೈನಲ್‌ನಲ್ಲಿ ಕೀನ್ಯಾವನ್ನೇ 2–0ಯಿಂದ ಸೋಲಿಸಿ ಕಪ್ ಎತ್ತಿದರು.

1ನೇ ತಾರೀಕಿನಿಂದ 4ನೇ ತಾರೀಕಿಗೆ ಆಟಗಾರರು ಅವರೇ, ಕೋಚ್ ಅವರೇ, ಸ್ಟೇಡಿಯಂ ಅದೇ. ಬದಲಾಗಿದ್ದು ಜನ ಮಾತ್ರ. “ಬಂದು ಬೈಯಿರಿ” ಅಂತ ಕರೆದಾಗ ಬಂದ ಜನ ಮಳೆಯಲ್ಲಿ ನೆನೆದುಕೊಂಡು ತಂಡದ ಪರವಾಗಿಯೇ ಕೂಗಿದರು. ಇದನ್ನು ಇಲ್ಲಿಗೆ ಇಟ್ಟುಕೊಳ್ಳಿ. ಈಗ ಇನ್ನೊಂದು ಊರಿಗೆ, ಇನ್ನೊಂದು ಥರದ ಮೊದಲ ಮ್ಯಾಚಿಗೆ ಹೋಗೋಣ.

ಫ್ರಾನ್ಸಿನ ಮಾರ್ಸೇಲ್ಸ್. ನಮ್ಮ ಮುಂಬಯಿ ಥರಾನೇ ಬಂದರು ಊರು. 1998ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಮೊದಲ ಮ್ಯಾಚ್ ಜೂನ್ 15ರಂದು ಟ್ಯುನೀಷಿಯಾ ವಿರುದ್ಧ ಅಲ್ಲಿತ್ತು. ಆಟ ಶುರುವಾಗುವ ಮೊದಲೇ ಹಳೇ ಬಂದರಿನ ಸುತ್ತ ಬಾಟಲಿ, ಕುರ್ಚಿ ತೂರಾಟ, ಬಡಿದಾಟ. ವಾರದೊಳಗೆ, ಜೂನ್ 21ರಂದು, ಲೆನ್ಸ್ ಎಂಬ ಊರಲ್ಲಿ ಜರ್ಮನಿಯ ಪುಂಡರು ಡೇನಿಯಲ್ ನಿವೆಲ್ ಅನ್ನೋ ಫ್ರೆಂಚ್ ಪೊಲೀಸರನ್ನು ಎಷ್ಟು ಹೊಡೆದರು ಅಂದ್ರೆ ಅವರು ವಾರಗಟ್ಟಲೆ ಕೋಮಾದಲ್ಲಿದ್ದರು, ಬದುಕಿಡೀ ಉಳಿಯುವ ಊನ ಆಯ್ತು. ಹದಿನೆಂಟು ವರ್ಷದ ಮೇಲೆ, 2016ರ ಯೂರೋ ಕಪ್. ಮತ್ತೆ ಅದೇ ಮಾರ್ಸೇಲ್ಸ್, ಮತ್ತೆ ಇಂಗ್ಲೆಂಡಿನ ಮೊದಲ ಮ್ಯಾಚ್. ಜೂನ್ 11, ಎದುರಾಳಿ ರಷ್ಯಾ. ಆಟ 1–1ರಲ್ಲಿ ಮುಗೀತು. ಕೊನೆಯ ಸೀಟಿ ಊದಿದ್ದೇ ತಡ, ರಷ್ಯಾದ ಕಡೆಯ ಒಂದು ಗುಂಪು ಇಂಗ್ಲೆಂಡ್ ಅಭಿಮಾನಿಗಳು ಕೂತಿದ್ದ ಜಾಗಕ್ಕೆ ನುಗ್ಗಿತು. ಮಕ್ಕಳನ್ನು ಕಟ್ಟಿಕೊಂಡು ಬಂದವರೂ ತಡೆಗೋಡೆ ಹತ್ತಿ ಓಡಬೇಕಾಯಿತು. ಸುಮಾರು 150 ಜನ ರಷ್ಯನ್ ಪುಂಡರು ಹೊಡೆದಾಟಕ್ಕೆ ತಯಾರಾಗಿಯೇ ಬಂದಿದ್ದರು ಅಂತ ಅಲ್ಲಿನ ಸರ್ಕಾರಿ ವಕೀಲರು ಹೇಳಿದರು. ಇನ್ನೊಮ್ಮೆ ಸ್ಟೇಡಿಯಂ ಒಳಗೆ ಹೀಗಾದರೆ ರಷ್ಯಾ ತಂಡವನ್ನೇ ಟೂರ್ನಿಯಿಂದ ಹೊರಗೆ ಹಾಕ್ತೀವಿ ಅಂತ ಯುರೋಪಿನ ಫುಟ್‌ಬಾಲ್ ಒಕ್ಕೂಟ ಎಚ್ಚರಿಸಬೇಕಾಯಿತು.

ಇಂಥ ಗಲಾಟೆ ಮೊದಲ ಮ್ಯಾಚುಗಳಲ್ಲೇ ಯಾಕೆ? ಯೋಚಿಸಿ ನೋಡಿ. ಜನ ಎರಡು ಮೂರು ದಿನ ಮುಂಚೆಯೇ ಬಂದಿರ್ತಾರೆ. ಊರು ಹೊಸದು, ಮಾಡೋಕೆ ಕೆಲಸ ಇಲ್ಲ, ಚೌಕದಲ್ಲಿ ಬೆಳಗಿನಿಂದ ಕುಡಿತ. ಯಾವ ಗುಂಪು ಹೇಗೆ ಅಂತ ಅಲ್ಲಿನ ಪೊಲೀಸರಿಗೆ ಇನ್ನೂ ಅಂದಾಜು ಸಿಕ್ಕಿರಲ್ಲ. ಯಾರನ್ನ ಎಲ್ಲಿ ಕೂರಿಸಬೇಕು ಅನ್ನೋ ವ್ಯವಸ್ಥೆ ಕಾಗದದಲ್ಲಿ ಇರುತ್ತೆ, ನೆಲದ ಮೇಲೆ ಪರೀಕ್ಷೆ ಆಗಿರಲ್ಲ. ಸಾಫ್ಟ್‌ವೇರ್ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಲೀಸ್ ಆದ ಮೊದಲ ದಿನದ ಕಥೆ ನಮಗೆಲ್ಲ ಗೊತ್ತಿರೋದೇ.

ಹಾಗಂತ ಕುಡಿತವೇ ಕಾರಣ, ಯುರೋಪಿನ ಜನವೇ ಹೀಗೆ ಅಂತ ತೀರ್ಮಾನಕ್ಕೆ ಬರಬೇಡಿ. ಅದೇ 2016ರ ಯೂರೋ ಕಪ್‌ಗೆ ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಿಂದಲೂ ಜನ ಹೋಗಿದ್ದರು. ಅವರೂ ಕುಡಿದರು, ಕುಣಿದರು, ಊರೆಲ್ಲ ಕೇಳೋ ಹಾಗೆ ಹಾಡಿದರು. ಅವರ ನಡತೆ ಮೆಚ್ಚಿ ಪ್ಯಾರಿಸ್ ನಗರ ಅವರಿಗೆ ಪದಕ ಘೋಷಿಸಿತು. 2022ರ ಕತಾರ್ ವಿಶ್ವಕಪ್‌ನ ಮೊದಲ ಮ್ಯಾಚ್ ನೆನಪಿದೆಯಾ? ಕತಾರ್ ಮತ್ತು ಎಕ್ವಡಾರ್ ಆಡಿದ್ದು. ಜಪಾನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಅಲ್ಲಿದ್ದ ಜಪಾನಿನ ಅಭಿಮಾನಿಗಳು ಆಟ ಮುಗಿದ ಮೇಲೆ ಚೀಲ ಹಿಡಿದು ಸ್ಟ್ಯಾಂಡಿನ ಕಸ ಹೆಕ್ಕಿದರು.

ಈಗ ಛೆಟ್ರಿ ಮಾತಿಗೆ ವಾಪಸ್ ಬರೋಣ. ಮಾರ್ಸೇಲ್ಸಿಗೆ ಹೊಡೆದಾಟಕ್ಕೇ ಬಂದವನನ್ನೂ, ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆಟಗಾರನ ಅಪ್ಪ ಅಮ್ಮನನ್ನ ಬೈಯುವವನನ್ನೂ ಪಕ್ಕ ಪಕ್ಕ ನಿಲ್ಲಿಸಿ ನೋಡಿ. ಒಬ್ಬ ಮೈಮೇಲೆ ಬೀಳ್ತಾನೆ, ಇನ್ನೊಬ್ಬ ಮೈದಾನದ ಹತ್ತಿರವೂ ಸುಳಿಯಲ್ಲ. ಆದರೆ ಇಬ್ಬರಿಗೂ ಒಂದು ವಿಷಯದಲ್ಲಿ ಹೋಲಿಕೆ ಇದೆ: ಇಬ್ಬರಿಗೂ ಮ್ಯಾಚ್ ಬೇಕಾಗಿಲ್ಲ. ಸ್ಕೋರ್ ಏನೇ ಆದರೂ ಅವನು ಹೊಡೀತಾನೆ, ಇವನು ಬೈತಾನೆ. ತೊಂಬತ್ತು ನಿಮಿಷ ಸೀಟಿನಲ್ಲಿ ಕೂತು ನೋಡುವವನಿಗೆ ಮಾತ್ರ ಮ್ಯಾಚ್ ಬೇಕು. ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ಕೂತಿದ್ದಾಗ ಬಾಯಿಗೆ ಬರೋ ಬೈಗುಳ ತಾನಾಗೇ ಅರ್ಧಕ್ಕೆ ನಿಲ್ಲುತ್ತೆ. ಪಾಸ್ ತಪ್ಪಿದವನು ಬೆವರು ಒರೆಸಿಕೊಳ್ಳೋದು ಕಣ್ಣಿಗೆ ಬಿದ್ದರೆ ಸಿಟ್ಟು ಇಳಿಯುತ್ತೆ. ಅಂಧೇರಿಯಲ್ಲಿ ಆದದ್ದು ಅದೇ. ಅದಕ್ಕೇ ನಾನು ಹೇಳೋದು, ಪುಂಡಾಟಕ್ಕೆ ಹೆದರಿ ಮನೆಯಲ್ಲಿ ಉಳಿಯೋದು ಪರಿಹಾರ ಅಲ್ಲ. ಸ್ಟ್ಯಾಂಡಿನಲ್ಲಿ ಸಾಮಾನ್ಯ ಜನ, ಹೆಂಗಸರು, ಮಕ್ಕಳು ಮೊದಲ ಮ್ಯಾಚಿನಿಂದಲೇ ಹೆಚ್ಚು ಕೂತಷ್ಟೂ ಪುಂಡನಿಗೆ ಜಾಗ ಕಡಿಮೆ.

ಆದರೆ ಜನ ಬಂದರೆ ಸಾಲದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಟೇಡಿಯಮ್ಮಿನಲ್ಲಿ ಸಾವು ಆದಾಗಲೆಲ್ಲ ಮೊದಲು ಕೇಳಿಬರೋ ಮಾತು “ಜನವೇ ಸರಿ ಇಲ್ಲ” ಅನ್ನೋದು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತವರು ಒಟ್ಟು 97. ಕುಡಿದ ಅಭಿಮಾನಿಗಳೇ ಕಾರಣ ಅಂತ ಅವತ್ತು ಹಬ್ಬಿಸಿದರು. ಅಭಿಮಾನಿಗಳ ತಪ್ಪಿಲ್ಲ, ತಪ್ಪು ಪೊಲೀಸರ ನಿರ್ವಹಣೆಯದು ಅಂತ ನ್ಯಾಯಮಂಡಳಿ ಹೇಳೋಕೆ 2016 ಬರಬೇಕಾಯಿತು. ನಮ್ಮ ದೇಶದ್ದೇ ನೋಡಿ. 1980ರ ಆಗಸ್ಟ್ 16, ಕೋಲ್ಕತ್ತದ ಈಡನ್ ಗಾರ್ಡನ್ಸ್, ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಮ್ಯಾಚ್. ಸ್ಟ್ಯಾಂಡಿನಲ್ಲಿ ಎರಡೂ ಕಡೆಯವರು ಬೆರೆತು ಕೂತಿದ್ದರು. ಮೈದಾನದ ಜಗಳ ಸ್ಟ್ಯಾಂಡಿಗೆ ಹತ್ತಿತು, ಕಾಲ್ತುಳಿತದಲ್ಲಿ 16 ಜನ ಸತ್ತರು. ಹೊಡೆದಾಡಿದ್ದು ಜನರೇ, ನಿಜ. ಬೇರೆ ಬೇರೆ ಕೂರಿಸದೆ, ಹೊರಗೆ ಹೋಗೋಕೆ ಸರಿಯಾದ ದಾರಿ ಕೊಡದೆ ಇದ್ದದ್ದೂ ಅಷ್ಟೇ ನಿಜ. ಇನ್ನು 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಅದು ಕ್ರಿಕೆಟ್, ಸೋಲಿನ ಸಿಟ್ಟಲ್ಲ, ಗೆಲುವಿನ ಖುಷಿ. ಅಲ್ಲಿ ಯಾವ ಪುಂಡನೂ ಬೇಕಾಗಲಿಲ್ಲ. ಖುಷಿಗೆ ಬಂದವರನ್ನು ಪುಂಡರು ಅಂತ ಕರೆದುಬಿಟ್ಟರೆ ಗೇಟಿನ ಲೆಕ್ಕ ಕೇಳೋರು ಯಾರೂ ಉಳಿಯಲ್ಲ.

ಈಗ ಮುಂಬಯಿಯಲ್ಲಿರೋ ಕನ್ನಡದವರಿಗೆ ಅಂತಲೇ ಒಂದು ಮಾತು. ಈ ಊರಿಗೂ ನಮ್ಮ ಫುಟ್‌ಬಾಲಿಗೂ ಹಳೇ ನಂಟು. ಇಲ್ಲಿನ ರೋವರ್ಸ್ ಕಪ್ 1891ರಲ್ಲಿ ಶುರುವಾದ ಟೂರ್ನಿ, ದಶಕಗಟ್ಟಲೆ ಬ್ರಿಟಿಷ್ ಸೇನಾ ತಂಡಗಳೇ ಗೆಲ್ತಾ ಇದ್ದವು. ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಅವರೇ ಗೆದ್ದರು. ಬೆಂಗಳೂರು ಎಫ್‌ಸಿ ಮೊದಲ ಐಎಸ್‌ಎಲ್ ಕಪ್ ಎತ್ತಿದ್ದೂ ಬೆಂಗಳೂರಿನಲ್ಲಲ್ಲ, ಇದೇ ಅಂಧೇರಿಯಲ್ಲಿ: 2019ರ ಮಾರ್ಚ್ 17, ಗೋವಾ ವಿರುದ್ಧ 1–0. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಗೋಲು ಹೊಡೆದ ರಾಹುಲ್ ಭೇಕೆ ಹುಟ್ಟಿದ್ದು ಮುಂಬಯಿಯಲ್ಲಿ. ಮುಂಬಯಿ ಹುಡುಗ, ಬೆಂಗಳೂರಿನ ಜರ್ಸಿ, ಅಂಧೇರಿಯ ಗೋಲುಪಟ್ಟಿ. ಯಾರು ಯಾವ ಊರಿನವರು ಅಂತ ಗೆರೆ ಎಳೆಯೋಕೆ ಹೊರಟರೆ ಆಟವೇ ನಗುತ್ತೆ.

ಆದರೂ ಗೆರೆ ಎಳೀತಾರೆ. ಮುಂಬಯಿ ಸಿಟಿ ವಿರುದ್ಧ ಬೆಂಗಳೂರು ಆಡುವಾಗ ನೀಲಿ ಜರ್ಸಿ ಹಾಕಿ ಹೋದರೆ ಒಂದು ಪ್ರಶ್ನೆ ಬರಬಹುದು: “ದುಡಿಯೋದು ಇಲ್ಲಿ, ಕೂಗೋದು ಆ ಊರಿಗಾ?” ಹೌದು, ಕೂಗಬಹುದು. ಬಾಡಿಗೆ, ತೆರಿಗೆ ಕಟ್ಟೋ ಊರಿಗೆ ಋಣ ಇದೆ. ಹುಟ್ಟಿದ ಊರಿನ ಮೇಲೆ ಪ್ರೀತಿ ಇದೆ. ಎರಡೂ ಒಂದೇ ಎದೆಯಲ್ಲಿ ಇರಬಹುದು. ಆದರೆ ಇದೇ ನ್ಯಾಯ ತಿರುಗಿಸಿಯೂ ಹೇಳಬೇಕು. ಬೆಂಗಳೂರಿನಲ್ಲಿ ದುಡಿಯೋ ಮಲಯಾಳಿ ಕಂಠೀರವಕ್ಕೆ ಹಳದಿ ಜರ್ಸಿ ಹಾಕಿ ಬಂದರೆ ಅವನಿಗೂ ಅದೇ ಹಕ್ಕು. 2023ರ ಮಾರ್ಚ್ 3ರಂದು ಛೆಟ್ರಿ ಬೇಗ ಹೊಡೆದ ಫ್ರೀ ಕಿಕ್ ಗೋಲಾಯಿತು, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟಿತು. ರೆಫರಿ ಮಾಡಿದ್ದು ಸರಿಯೋ ತಪ್ಪೋ ಅನ್ನೋದು ಚಹಾ ಕುಡೀತಾ ವಾದಿಸೋ ವಿಷಯ. ಅದನ್ನು ಭಾಷೆಯ, ರಾಜ್ಯದ ಜಗಳ ಮಾಡಿದ ಕ್ಷಣ ನಾವು ಆಟ ಬಿಟ್ಟು ಮಾರ್ಸೇಲ್ಸ್ ದಾರಿ ಹಿಡಿದ ಹಾಗೆ. ಅದೇ ತಿಂಗಳ ಸೆಮಿಫೈನಲ್‌ನಲ್ಲಿ ಬೆಂಗಳೂರು ಅಂಧೇರಿಗೆ ಬಂದು 1–0ಯಿಂದ ಗೆದ್ದಿತು. ಕಂಠೀರವದ ಎರಡನೇ ಮ್ಯಾಚನ್ನು ಮುಂಬಯಿ 2–1ರಿಂದ ಗೆದ್ದಿತು. ಕೊನೆಗೆ ಪೆನಾಲ್ಟಿಯಲ್ಲಿ 9–8, ಬೆಂಗಳೂರಿಗೆ. ಇಷ್ಟು ಚೆಂದದ ಪೈಪೋಟಿ ಇರುವಾಗ ಹೊಡೆದಾಟದಿಂದ ಯಾರಿಗೆ ಏನು ಸಿಗಬೇಕು ಹೇಳಿ?

ಕೊನೆಯದಾಗಿ, ಕೈಯಲ್ಲಿ ಆಗುವಂಥ ನಾಲ್ಕು ವಿಷಯ.

ಒಂದು, ಟೂರ್ನಿ ಅಂಧೇರಿಗೆ ಬರಲಿ, ನೆರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿಗೆ ಬರಲಿ, ಮೊದಲ ಮ್ಯಾಚಿಗೇ ಹೋಗಿ. ಟಿಕೆಟ್ ಸುಲಭವಾಗಿ ಸಿಗೋದೂ ಆಗಲೇ, ತಂಡಕ್ಕೆ ನಿಮ್ಮ ದನಿ ಹೆಚ್ಚು ಬೇಕಾಗಿರೋದೂ ಆಗಲೇ.

ಎರಡು, ಎದುರು ತಂಡದ ಪರ ಕೂಗೋದಿದ್ದರೆ ಆ ತಂಡದ ಅಭಿಮಾನಿಗಳಿಗೆ ಅಂತ ಇರೋ ಸ್ಟ್ಯಾಂಡಿನಲ್ಲೇ ಟಿಕೆಟ್ ತಗೊಳ್ಳಿ. ಇದು ಹೆದರಿಕೆ ಅಲ್ಲ. 1980ರ ಕೋಲ್ಕತ್ತ ಕಲಿಸಿದ ಪಾಠ.

ಮೂರು, ಆಟವನ್ನು ಬೈಯಿರಿ, ಆಟಗಾರನ ಜಾತಿ, ಭಾಷೆ, ಬಣ್ಣ, ಮನೆಯವರನ್ನು ಬೇಡ. ಪಕ್ಕದವನು ಗೆರೆ ದಾಟಿದರೆ ಅವನ ಸ್ನೇಹಿತರೇ ಮೊದಲು “ಸಾಕು ಬಿಡೋ” ಅನ್ನಬೇಕು. ಆ ಒಂದು ಮಾತಿಗೆ ಇರೋ ಬಲ ಲಾಠಿಗೆ ಇರಲ್ಲ.

ನಾಲ್ಕು, ಒಳಗೆ ಹೋದ ಕೂಡಲೇ ಹೊರಗೆ ಹೋಗೋ ಗೇಟ್ ಯಾವುದು ಅಂತ ಮಕ್ಕಳಿಗೂ ತೋರಿಸಿಡಿ. ಗೇಟ್ ಮುಚ್ಚಿದ್ದರೆ, ನೀರಿನ ವ್ಯವಸ್ಥೆ ಇಲ್ಲದಿದ್ದರೆ ಅಲ್ಲೇ ಕೇಳಿ, ಆಯೋಜಕರಿಗೆ ಬರೆದು ಕೇಳಿ. ಟಿಕೆಟ್ ಕೊಂಡವರಿಗೆ ಆ ಹಕ್ಕಿದೆ.

ಮಳೆಗಾಲದ ಮ್ಯಾಚಾದರೆ ರೇನ್‌ಕೋಟ್ ಮರೀಬೇಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.