ನಮ್ಮ ಬೀದಿಗೂ ಒಂದು ನೋಟ



ಪರಊರಿಗೆ ಹೋದಾಗ ನಮ್ಮ ಕಣ್ಣು ಚುರುಕಾಗುತ್ತದೆ. ಅಲ್ಲಿನ ಸಂತೆ, ಓಣಿ, ಚಹಾದಂಗಡಿ, ಎಲ್ಲವೂ ಚೆಂದ. ಫೋಟೊ ತೆಗೆದಷ್ಟೂ ಸಾಲದು. ಊರಿಗೆ ಮರಳಿದ ಮೇಲೆ ಆ ಕುತೂಹಲ ಎಲ್ಲಿ ಹೋಗುತ್ತದೆ?

ಆ ಕುತೂಹಲವನ್ನು ತಮ್ಮ ಊರಲ್ಲೂ ಉಳಿಸಿಕೊಂಡ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೆನೆಯೋಣ. 1923ರಲ್ಲಿ ಹುಟ್ಟಿದ ಈ ಛಾಯಾಗ್ರಾಹಕರು ಕ್ಯಾಮೆರಾ ಹಿಡಿದು ದೇಶವೆಲ್ಲ ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅವರು ತೆಗೆದ ಮಕ್ಕಳ ಚಿತ್ರಗಳು ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿದ್ದವರು ಸಾಮಾನ್ಯ ಮನೆಗಳ ಮಕ್ಕಳು. ದೂರದ ಊರಿನ ಬದುಕಿನಷ್ಟೇ ತಮ್ಮ ಮೈಸೂರಿನ ಬದುಕೂ ಸತ್ಯನ್ ಅವರಿಗೆ ಅಕ್ಕರೆಯದಾಗಿತ್ತು.

ಒಳ್ಳೆಯ ಚಿತ್ರಕ್ಕೆ ಬೇಕಾದದ್ದು ದೂರದ ಊರಲ್ಲ. ಮನುಷ್ಯರ ಮೇಲಿನ ಆಸಕ್ತಿ, ಕಾಯುವ ಸಹನೆ. ಇವು ನಮ್ಮ ಬೀದಿಗೂ ಸಲ್ಲಬೇಕು.

ಇಂದು ಹಾಲು ತರಲು ಹೊರಟಾಗ, ಹೂ ಮಾರುವ ಅಜ್ಜಿಯ ಬಳಿ ಒಂದು ಗಳಿಗೆ ನಿಲ್ಲಿ. ಯೋಗಕ್ಷೇಮ ಕೇಳಿ. ಅವರು ಒಪ್ಪಿದರೆ ಮಾತ್ರ ಚಿತ್ರ ತೆಗೆಯಿರಿ. ಅದರ ಒಂದು ಪ್ರತಿಯನ್ನು ಮುದ್ರಿಸಿ ಅವರ ಕೈಗೇ ಕೊಡಿ. ತಮ್ಮನ್ನೂ ಒಬ್ಬರು ಗಮನಿಸಿದರು ಎಂಬ ಸಂತೋಷ ಅವರದಾಗುತ್ತದೆ. ದಿನವೂ ನಡೆಯುವ ಬೀದಿಯಲ್ಲಿ ನಿಮಗೊಬ್ಬರು ಹೊಸ ಆತ್ಮೀಯರು ಸಿಗುತ್ತಾರೆ.